ಹಿತ್ತಿಲ ಕೋಳಿಗಳೂ ಅವುಗಳ ಶತ್ರುಗಳೂ

ನಮ್ಮ ಶಾಲೆಯಲ್ಲಿ ಕಲಿತು ಹೊರಟವರಲ್ಲಿ ಬಹುಮಂದಿ ಈಗ ಗೃಹಿಣಿಯರಾಗಿಯೂ ತಾಯಂದಿರಾಗಿಯೂ ಇರುತ್ತಾರೆ. ಪಟ್ಟಣಗಳನ್ನು ಸೇರಿದವರು ಕೆಲವರು; ಹಿತ್ತಿಲು, ತೋಟ, ಕೊಟ್ಟಿಗೆಗಳುಳ್ಳ ಮನೆಗಳಲ್ಲಿ ಸಂಸಾರ ನಡೆಸುತ್ತಿರುವವರು ಅನೇಕರು. ಅಂಥ ಮನೆಗಳಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವ ಪದ್ಧತಿಯು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಉಂಟು. ಗದ್ದೆಯ ಹುಟ್ಟುವಳಿಯು ಯಜಮಾನನ ಲೆಕ್ಕಕ್ಕೆ ಸೇರಿದರೂ ಮೊಟ್ಟೆಯ ಹಣವು ಸಾಮಾನ್ಯವಾಗಿ ಮನೆಯ ಹೆಂಗಸಿನ ಸೆರಗಿನ ಗಂಟಿನಲ್ಲಿಯೇ ಉಳಿಯುವುದು. ಮಗಳ ಪುಸ್ತಕ, ಕೂಸಿನ ಔಷಧ, ಹಬ್ಬಕ್ಕೊಂದು ರವಿಕೆಬಟ್ಟೆ ಮುಂತಾದ ಎಷ್ಟೋ ಅಗತ್ಯಗಳು ಆ ಗಂಟಿನಿಂದ ಪೂರೈಸಿವೆ. ಅಲ್ಲದೆ ಬೆಳೆಯುವ ಮಕ್ಕಳಿಗೆ ದಿನಕ್ಕೊಂದು ಮೊಟ್ಟೆಯು ದೊರೆಯುವುದೆಂದರೆ ಅದು ಅಲ್ಪ ಲಾಭವಲ್ಲ.

ಆದರೆ ಇಂಥ ಮನೆಗಳ ಹೆಂಗಸರನ್ನು ಮಾತನಾಡಿಸಿದರೆ ಕೇಳಿಬರುವ ದೂರು ಒಂದೇ: “ಎಷ್ಟು ಮರಿ ಮಾಡಿಸಿದರೂ ಉಳಿಯುವುದಿಲ್ಲ. ಹಗಲು ಹದ್ದಿಗೆ, ರಾತ್ರಿ ಬೆಕ್ಕಿಗೆ.” ನಾಟಿಕೋಳಿಯು ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನಿಡುವುದು. ಕಾವಿಗೆ ಕುಳಿತರೆ 21 ದಿನ ಮೊಟ್ಟೆಗಳ ಮೇಲೆ, ಅನಂತರ ಎರಡು ತಿಂಗಳ ತನಕ ಮರಿಗಳೊಂದಿಗೆ ಕಾಲ ಕಳೆಯುವುದು. ಅಂಥ ತಾಯಿಯನ್ನು ಒಂದು ರಾತ್ರಿ ಕಾಡುಬೆಕ್ಕು ಒಯ್ದರೆ ತಾಯಿಯೂ ಮರಿಗಳೂ ಮುಂದೆ ಬರತಕ್ಕ ಮೊಟ್ಟೆಗಳೂ ಒಟ್ಟಿಗೆ ಹೋದಂತಾಗುವುದು. ಮೂರು ತಿಂಗಳ ಆರೈಕೆಯು ಒಂದು ಗಳಿಗೆಯಲ್ಲಿ ವ್ಯರ್ಥವಾಗುವುದು. ಆದುದರಿಂದ ಕೋಳಿಯ ಶತ್ರುಗಳು ಯಾರು, ಅವು ಹೇಗೆ ಬರುತ್ತವೆ, ಅವನ್ನು ಕೊಲ್ಲದೆಯೇ ದೂರವಿರಿಸುವ ಉಪಾಯವೇನು ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಈ ಪಾಠದ ಉದ್ದೇಶವಾಗಿದೆ.

1. ಕೋಳಿಯ ಸ್ವಭಾವ

ನಾವು ಸಾಕುವ ಕೋಳಿಯ ಪೂರ್ವಜವು ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯು ಅದರ ಹತ್ತಿರದ ಬಂಧು. ಕಾಡುಕೋಳಿಯು ಹಗಲೆಲ್ಲ ಪೊದೆಗಳ ನೆರಳಿನಲ್ಲಿ ನೆಲ ಕೆದರಿ ಮೇಯುವುದು. ಸೂರ್ಯನು ಮುಳುಗುವ ಹೊತ್ತಿಗೆ ಮರವನ್ನೇರಿ ಕೊಂಬೆಯ ಮೇಲೆ ನಿದ್ರಿಸುವುದು. ಸಾವಿರಾರು ವರ್ಷಗಳ ಸಾಕಣೆಯಿಂದಲೂ ಈ ಎರಡು ಅಭ್ಯಾಸಗಳು ಅಳಿದಿಲ್ಲ. ಮುಸ್ಸಂಜೆಯಲ್ಲಿ ಕೋಳಿಗಳು ತಾವಾಗಿಯೇ ಗೂಡಿಗೆ ಬರುವುದಕ್ಕೂ, ಗೂಡಿನೊಳಗೆ ಎತ್ತರದ ಕೋಲನ್ನು ಹುಡುಕುವುದಕ್ಕೂ, ಬಟ್ಟಬಯಲಿಗಿಂತ ದಾಸವಾಳದ ಬೇಲಿಯ ಬುಡವನ್ನು ಬಯಸುವುದಕ್ಕೂ ಇದೇ ಕಾರಣ.

ಹಗಲಿನಲ್ಲಿ ಕೋಳಿಯ ಕಣ್ಣು ಬಹು ತೀಕ್ಷ್ಣವಾದದ್ದು. ಬಣ್ಣಗಳನ್ನು ನಮಗಿಂತಲೂ ಚೆನ್ನಾಗಿ ಗುರುತಿಸಬಲ್ಲುದು. ಕತ್ತಲಾದ ಮೇಲಾದರೋ ಅದರ ದೃಷ್ಟಿಯು ಬಹಳ ಮಂದವಾಗುವುದು. ರಾತ್ರಿ ಗೂಡಿನಲ್ಲಿ ಕುಳಿತ ಕೋಳಿಯನ್ನು ಕೈಯಿಂದ ಎತ್ತಿದರೂ ಅದು ಹೆಚ್ಚಾಗಿ ಓಡಲು ಯತ್ನಿಸದಿರುವುದನ್ನು ನೀವೆಲ್ಲರೂ ಕಂಡಿರುವಿರಿ. ನಾವು ಎತ್ತಿಕೊಳ್ಳುವುದು ಎಷ್ಟು ಸುಲಭವೋ ಬೆಕ್ಕಿಗೂ ಅಷ್ಟೇ ಸುಲಭ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ಅನೇಕ ವಿಷಯಗಳು ತಾವಾಗಿಯೇ ತಿಳಿಯುವುವು.

ಕೋಳಿಗೆ ಭಾಷೆಯೂ ಉಂಟೆಂದರೆ ಕೆಲವರು ನಗಬಹುದು. ಹುಂಜವು ಆಕಾಶದಲ್ಲಿ ಗಿಡುಗವನ್ನು ಕಂಡರೆ ಸಣ್ಣದಾಗಿ ಎಳೆದ ಒಂದು ಸ್ವರವನ್ನು ಹೊರಡಿಸುವುದು. ನೆಲದ ಮೇಲೆ ನಾಯಿಯನ್ನೋ ಮುಂಗುಸಿಯನ್ನೋ ಕಂಡರೆ ‘ಕೊಕ್ ಕೊಕ್ ಕೊಕ್’ ಎಂದು ಬಿಡದೆ ಗಟ್ಟಿಯಾಗಿ ಕೂಗುವುದು. ಕ್ರಿಸ್ಟಫರ್ ಇವಾನ್ಸ್, ಲಿಂಡಾ ಇವಾನ್ಸ್, ಪೀಟರ್ ಮಾರ್ಲರ್ ಎಂಬ ವಿದ್ವಾಂಸರು ಈ ಕೂಗುಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಶತ್ರುವೇ ಎದುರಿಗಿಲ್ಲದೆ ಬರಿಯ ಧ್ವನಿಯನ್ನು ಕೇಳಿಸಿದಾಗಲೂ, ಮೊದಲನೆಯ ಸ್ವರಕ್ಕೆ ಹೇಂಟೆಗಳು ಮರೆಗೆ ಓಡಿ ಅಡಗಿ ಮೇಲೆ ನೋಡಿದುವು; ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತಲೂ ನೋಡಿದುವು. ಮನೆಯಾಕೆಯೂ ಈ ಎರಡು ಧ್ವನಿಗಳ ಭೇದವನ್ನು ಕಲಿತುಕೊಂಡರೆ ಅಡಿಗೆಯ ಮನೆಯಲ್ಲಿದ್ದುಕೊಂಡೇ ಹಿತ್ತಿಲಿನಲ್ಲಿ ಬಂದಿರುವ ಅಪಾಯವು ಮೇಲಿನದೋ ಕೆಳಗಿನದೋ ಎಂದು ತಿಳಿಯಬಹುದು. ಹಿಂಡಿಗೊಂದು ಎಚ್ಚರವುಳ್ಳ ಹುಂಜವಿರಬೇಕೆಂಬುದಕ್ಕೆ ಇದೂ ಒಂದು ಕಾರಣ.

2. ಹಗಲಿನ ಶತ್ರುಗಳು

ಹಗಲಿನಲ್ಲಿ ಬರುವವುಗಳಲ್ಲಿ ಹದ್ದು, ಗಿಡುಗ, ಕಾಗೆ, ಕೆಂಬೂತ, ಮುಂಗುಸಿ, ಉಡ, ನಾಯಿ ಇವು ಮುಖ್ಯವಾದವು.

ಹದ್ದು ರೆಕ್ಕೆ ಚಾಚಿ ಎತ್ತರದಲ್ಲಿ ಸುತ್ತುತ್ತಿರುವುದು. ಅದರ ಬಾಲವು ನಡುವೆ ಸೀಳಿದಂತೆ ಕಾಣುವುದು. ಸತ್ತ ಇಲಿ, ಮೀನಿನ ಕಸ ಮುಂತಾದವೇ ಅದರ ಹೆಚ್ಚಿನ ಆಹಾರ. ಆದರೂ ಬಯಲಿನಲ್ಲಿ ತಾಯಿಯಿಂದ ದೂರವಾದ ಮರಿಯು ಕಣ್ಣಿಗೆ ಬಿದ್ದರೆ ಎರಗಿ ಕಾಲುಗಳಿಂದ ಹಿಡಿದುಕೊಂಡು ಹೋಗುವುದು. ಬಿಜ್ಜು ಎಂಬ ಚಿಕ್ಕ ಗಿಡುಗವು ಹೀಗೆ ಸುತ್ತುವುದಿಲ್ಲ. ಪಾರಿವಾಳದಷ್ಟೇ ದೊಡ್ಡದಾದ ಈ ಪಕ್ಷಿಯು ಮಾವಿನ ಮರದ ಎಲೆಗಳ ಮರೆಯಲ್ಲಿ ಕುಳಿತು ಹೊಂಚುಹಾಕಿ, ಬಾಣದಂತೆ ನುಗ್ಗುವುದು. ಕಾಗೆಗಳು ಜೊತೆಗೂಡಿ ಬರುವುವು. ಒಂದು ತಾಯಿಯನ್ನು ಕೆಣಕುವಾಗ ಇನ್ನೊಂದು ಮರಿಯನ್ನು ಎಳೆಯುವುದು. ಬೇಲಿಯ ಪೊದೆಯಲ್ಲಿ ಓಡಾಡುವ ಕೆಂಬೂತವೂ ಮೊಟ್ಟೆಗಳನ್ನೂ ಎಳೆಮರಿಗಳನ್ನೂ ಬಿಡುವುದಿಲ್ಲ.

ಮುಂಗುಸಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವುದು ಅವಶ್ಯ. ಗೂಡಿನಲ್ಲಿ ರಾತ್ರಿ ಕೋಳಿ ಸತ್ತರೂ ಅದನ್ನು ಮುಂಗುಸಿಯ ತಲೆಗೆ ಕಟ್ಟುವುದು ರೂಢಿ. ಆದರೆ ನಮ್ಮ ಹಿತ್ತಿಲುಗಳಲ್ಲಿ ಕಾಣುವ ಬೂದು ಮುಂಗುಸಿಯು ಬಹುಮಟ್ಟಿಗೆ ಹಗಲಿನಲ್ಲಿ ಸಂಚರಿಸುವ ಪ್ರಾಣಿ. ರಾತ್ರಿ ತನ್ನ ಬಿಲದಲ್ಲಿ ಮಲಗಿರುವುದು. ಹಗಲು ಮತ್ತು ಇರುಳಿನ ಈ ಭೇದವನ್ನು ಗಮನಿಸದೆ ಹೋದುದರಿಂದ ಬೇರೆ ದೇಶಗಳಲ್ಲಿ ಎಂಥ ಅನರ್ಥವಾಯಿತೆಂಬುದು ಕೇಳತಕ್ಕ ಸಂಗತಿ. ಕಬ್ಬಿನ ಗದ್ದೆಗಳಲ್ಲಿ ಇಲಿಗಳ ಕಾಟವನ್ನು ತಡೆಯುವುದಕ್ಕಾಗಿ 1872ರಲ್ಲಿ ನಮ್ಮ ದೇಶದ ಚಿಕ್ಕ ಮುಂಗುಸಿಗಳನ್ನು ಜಮೈಕಾ ದ್ವೀಪಕ್ಕೆ ಒಯ್ದರು; ಅಲ್ಲಿಂದ 1883ರಲ್ಲಿ ಹವಾಯಿ ದ್ವೀಪಗಳಿಗೂ ಒಯ್ದರು. ಇಲಿಗಳು ರಾತ್ರಿ ಓಡಾಡುವವು, ಮುಂಗುಸಿಗಳು ಹಗಲು ಓಡಾಡುವವು. ಮುಂಗುಸಿಗಳು ಇಲಿಗಳನ್ನು ಸ್ವಲ್ಪಮಟ್ಟಿಗೆ ತಿಂದರೂ, ನೆಲದಲ್ಲಿ ಗೂಡುಕಟ್ಟುವ ಪಕ್ಷಿಗಳಿಗೂ ಅವುಗಳ ಮೊಟ್ಟೆಗಳಿಗೂ ಮೃತ್ಯುಸ್ವರೂಪವಾದುವು. ಆ ತೊಂದರೆಯು ಅಲ್ಲಿ ಇಂದಿಗೂ ನಿವಾರಣೆಯಾಗಿಲ್ಲ. ಪ್ರಾಣಿಯ ಹೊತ್ತನ್ನರಿಯದೆ ಅದಕ್ಕೆ ಉಪಾಯ ಹೂಡಕೂಡದೆಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಹಗಲಿನ ಶತ್ರುಗಳಲ್ಲಿ ನಾಯಿಯನ್ನು ಮರೆಯುವವರು ಬಹಳ. ಬೀದಿನಾಯಿಗಳು ಹಸಿವಿನಿಂದಲೂ, ಸಾಕಿದ ನಾಯಿಗಳು ಆಟದ ಹುರುಪಿನಿಂದಲೂ ಕೋಳಿಗಳನ್ನು ಅಟ್ಟಿ ಕಚ್ಚುವುದುಂಟು. ಮನೆಯ ನಾಯಿಯೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದು. ಆದಕಾರಣ ನಾಯಿಯನ್ನು ಮರಿಯಾಗಿದ್ದಾಗಲೇ ಕೋಳಿಗಳ ನಡುವೆ ಬೆಳೆಸಿ, ಅಟ್ಟಲು ಹೋದಾಗಲೆಲ್ಲ ಗದರಿಸಿ ಪಳಗಿಸತಕ್ಕದ್ದು. ಹೀಗೆ ಪಳಗಿದ ನಾಯಿಯು ಹಿತ್ತಿಲಿಗೆ ಒಳ್ಳೆಯ ಕಾವಲಾಗುವುದು.

3. ಇರುಳಿನ ಶತ್ರುಗಳು

ಕತ್ತಲಾದ ಮೇಲೆ ಬರುವವು ಕಾಡುಬೆಕ್ಕು, ಮರಬೆಕ್ಕು, ಪುನುಗಿನ ಬೆಕ್ಕು, ನರಿ, ಹೆಗ್ಗಣ, ಗೂಬೆ, ಹಾವು. ಮಲೆನಾಡಿನ ಅಂಚಿನಲ್ಲಿ ಚಿರತೆ. ಮರಬೆಕ್ಕು ತೆಂಗಿನ ಮರವನ್ನೂ ಮಾಡನ್ನೂ ಸರಾಗವಾಗಿ ಏರಬಲ್ಲುದು. ಸರಿದ ಹಂಚಿನ ಸಂದಿಯಿಂದ ಇಳಿಯುವುದು. ನರಿಯು ಏರಲಾರದು, ಗೋಡೆಯ ಬುಡವನ್ನು ಅಗೆದು ನುಸುಳುವುದು. ಹೆಗ್ಗಣವು ಕೆಳಗಿನಿಂದ ಬಿಲ ತೋಡಿ ಮರಿಗಳನ್ನೂ ಮೊಟ್ಟೆಗಳನ್ನೂ ಎಳೆದೊಯ್ಯುವುದು. ಹೀಗೆ ಮೇಲಿನಿಂದಲೂ ಪಕ್ಕದಿಂದಲೂ ಕೆಳಗಿನಿಂದಲೂ ದಾರಿಗಳುಂಟು. ಮೂರನ್ನೂ ಮುಚ್ಚದಿದ್ದರೆ ಎರಡನ್ನು ಮುಚ್ಚಿ ಪ್ರಯೋಜನವಿಲ್ಲ.

ಕೆಲವೊಮ್ಮೆ ಬೆಳಗ್ಗೆ ಬಾಗಿಲು ತೆರೆದಾಗ ಹತ್ತು ಕೋಳಿಗಳೂ ಸತ್ತು ಬಿದ್ದಿರುತ್ತವೆ. ತಿಂದದ್ದು ಮಾತ್ರ ಒಂದನ್ನು. ಇದನ್ನು ಕಂಡ ಮನೆಯವರು, “ಹಸಿವಿಗೆ ತಿನ್ನಲಿ, ಸುಮ್ಮನೆ ಕೊಲ್ಲುವುದೇಕೆ?” ಎಂದು ಆ ಪ್ರಾಣಿಯ ಕ್ರೌರ್ಯವನ್ನು ಶಪಿಸುವುದು ಸಹಜ. ಇದರ ಕಾರಣವನ್ನು ಹಾನ್ಸ್ ಕ್ರೂಕ್ ಎಂಬ ಪ್ರಾಣಿಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ಇಂಗ್ಲೆಂಡಿನ ಕಡಲತೀರದಲ್ಲಿ ಗೂಡುಕಟ್ಟುವ ಕಡಲಹಕ್ಕಿಗಳನ್ನು ನರಿಗಳು ಹೀಗೆಯೇ ರಾಶಿರಾಶಿಯಾಗಿ ಕೊಂದು ಬಿಟ್ಟುಹೋಗುತ್ತಿದ್ದುವು. ಅದು ನಡೆಯುತ್ತಿದ್ದುದು ಕಾರ್ಗತ್ತಲೆಯ ರಾತ್ರಿಗಳಲ್ಲಿ. ಆಗ ಹಕ್ಕಿಗಳು ಕಣ್ಣು ಕಾಣದೆ ಹಾರದೆ ಕುಳಿತಿರುತ್ತಿದ್ದುವು. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗುವುದರಿಂದ ಬೇಟೆಯು ತಾನಾಗಿಯೇ ನಿಲ್ಲುವುದು. ಎದುರಿಗೆ ಇರುವ ಬೇಟೆಯು ಓಡದೆ ಇದ್ದರೆ ಹಿಡಿಯುವ ಪ್ರವೃತ್ತಿಯು ನಿಲ್ಲುವುದಕ್ಕೆ ಎಡೆಯಿಲ್ಲ.

ನಮ್ಮ ಕೋಳಿಗೂಡಿನ ಸ್ಥಿತಿಯನ್ನು ಇದರೊಂದಿಗೆ ಹೋಲಿಸಿ ನೋಡಿರಿ. ಕೋಳಿಗೆ ರಾತ್ರಿ ಕಣ್ಣು ಕಾಣದು. ಕಂಡರೂ ಮುಚ್ಚಿದ ಗೂಡಿನಿಂದ ಓಡುವ ದಾರಿಯಿಲ್ಲ. ಬೆಕ್ಕು ಒಳಗೆ ಬರಲು ಒಂದು ಸಂದಿಯನ್ನು ಉಳಿಸಿ, ಕೋಳಿಯು ಹೊರಗೆ ಹೋಗಲು ದಾರಿಯಿಲ್ಲದಂತೆ ಕಟ್ಟಿದ ಗೂಡು ರಕ್ಷಣೆಯ ಸ್ಥಳವಾಗದೆ ಬೋನಾಗುವುದು. ಗಟ್ಟಿಯಿಲ್ಲದ ಗೂಡಿಗಿಂತ ಹಲಸಿನ ಮರದ ಎತ್ತರದ ಕೊಂಬೆಯೇ ಎಷ್ಟೋ ಮೇಲೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಸತ್ಯವುಂಟು.

4. ಗುರುತುಗಳಿಂದ ಶತ್ರುವನ್ನು ತಿಳಿಯುವ ಕ್ರಮ

ನಷ್ಟವಾದ ಕೂಡಲೆ ಸ್ಥಳವನ್ನು ಗುಡಿಸಿಬಿಡಕೂಡದು. ಮೊದಲು ಶಾಂತವಾಗಿ ನೋಡತಕ್ಕದ್ದು. ಗುರುತುಗಳು ಯಾವಾಗಲೂ ನಿಶ್ಚಿತವಾದ ಉತ್ತರವನ್ನು ಕೊಡಲಾರವು. ಆದರೂ ಯಾವ ದಾರಿಯನ್ನು ಮುಚ್ಚಬೇಕೆಂಬುದನ್ನು ಹೆಚ್ಚಾಗಿ ತಿಳಿಸುವುವು.

ಇಡೀ ಕೋಳಿಯೇ ಮಾಯವಾಗಿ, ಬೇಲಿಯ ತನಕ ಗರಿಗಳು ಚೆದರಿದ್ದರೆ ನರಿಯೋ ಕಾಡುಬೆಕ್ಕೋ ಒಯ್ದಿರಬಹುದು. ಅನೇಕ ಕೋಳಿಗಳು ಕಚ್ಚಿಸಿಕೊಂಡು, ತಿನ್ನಲ್ಪಡದೆ, ಅಂಗಳದಲ್ಲೆಲ್ಲ ಬಿದ್ದಿದ್ದರೆ ನಾಯಿಯನ್ನು ಸಂಶಯಿಸಬೇಕು. ಮುಚ್ಚಿದ ಗೂಡಿನಲ್ಲಿ ಹಾಗೆ ಬಿದ್ದಿದ್ದರೆ ಬೆಕ್ಕಿನ ಜಾತಿಯದೋ ಪುನುಗಿನ ಜಾತಿಯದೋ ಒಳನುಗ್ಗಿರುವುದು. ಜಾಲರಿಯ ಪಕ್ಕದಲ್ಲಿ ಕುಳಿತ ಕೋಳಿಯ ತಲೆ ಇಲ್ಲವೆ ಕಾಲು ಮಾತ್ರ ಹೋಗಿದ್ದರೆ ಪ್ರಾಣಿಯು ಒಳಗೆ ಬರಲಿಲ್ಲ. ಹೊರಗೆ ನಿಂತು ಕಣ್ಣಿನಿಂದ ಎಳೆದಿದೆ ಎಂದು ತಿಳಿಯಬೇಕು. ಹಗಲಿನಲ್ಲಿ ಮರಿಗಳು ಒಂದೊಂದಾಗಿ ಗುರುತಿಲ್ಲದೆ ಕಾಣೆಯಾದರೆ ಹದ್ದು, ಬಿಜ್ಜು, ಕಾಗೆಗಳ ಕೆಲಸವಿರಬಹುದು. ರಾತ್ರಿಯಲ್ಲಿ ತಾಯಿಯ ಕೆಳಗಿನಿಂದಲೇ ಮರಿಗಳು ಕಾಣೆಯಾದರೆ ಹೆಗ್ಗಣದ ಬಿಲವನ್ನೂ ಹಾವಿನ ದಾರಿಯನ್ನೂ ಹುಡುಕಬೇಕು. ಮೊಟ್ಟೆಯು ಚಿಪ್ಪೂ ಉಳಿಯದೆ ಹೋದರೆ ಹಾವು ಇಡಿಯಾಗಿ ನುಂಗಿರಬಹುದು. ಚಿಪ್ಪಿನ ತುಂಡುಗಳು ಬಿದ್ದಿದ್ದರೆ ಮುಂಗುಸಿ, ಉಡ, ಕಾಗೆ, ಹೆಗ್ಗಣಗಳಲ್ಲಿ ಒಂದು ಬಂದಿರಬಹುದು.

ಹೆಜ್ಜೆಗಳನ್ನು ತಿಳಿಯಲು ಸುಲಭವಾದ ಉಪಾಯವೊಂದುಂಟು. ಸಂಜೆ ಗೂಡಿನ ಸುತ್ತಲೂ ಒಂದು ಗೇಣಿನಗಲ ಸೋಸಿದ ಬೂದಿಯನ್ನಾಗಲಿ ನುಣ್ಣನೆಯ ಮರಳನ್ನಾಗಲಿ ತೆಳ್ಳಗೆ ಹರಡಿರಿ. ಬೆಳಗ್ಗೆ ಮಕ್ಕಳನ್ನು ಕರೆದು ತೋರಿಸಿರಿ. ನಾಯಿ ಮತ್ತು ನರಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುವುದು. ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರ ಹೆಜ್ಜೆಯಲ್ಲಿ ಕಾಣದು. ಹಾವು ಹರಿದಲ್ಲಿ ಹೆಜ್ಜೆಯೇ ಇಲ್ಲದ ಪಟ್ಟೆಯು ಮೂಡುವುದು. ಮಕ್ಕಳಿಗೆ ಪ್ರಕೃತಿಪಾಠವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಹಲಗೆಯು ಯಾವ ಶಾಲೆಯಲ್ಲಿಯೂ ಇಲ್ಲ.

ಮೈಮೇಲೆ ಗಾಯವೇನೂ ಇಲ್ಲದೆ ಕೋಳಿಯು ಸತ್ತಿದ್ದರೆ ಅದನ್ನು ಪ್ರಾಣಿಗಳ ಲೆಕ್ಕಕ್ಕೆ ಸೇರಿಸದೆ ರೋಗವೆಂದು ಶಂಕಿಸಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ರಾಣಿಖೇತ್ ರೋಗವು ಬಂದರೆ ಒಂದು ಕೇರಿಯ ಕೋಳಿಗಳೆಲ್ಲ ಹೋಗಬಹುದು; ಅದಕ್ಕೆ ಲಸಿಕೆಯುಂಟು. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ ಆಳವಾಗಿ ಹೂಳಬೇಕು. ಎಸೆದದ್ದನ್ನು ತಿಂದು ರುಚಿಗಂಡ ನಾಯಿ ನರಿಗಳು ಮರುದಿನ ಬದುಕಿರುವವುಗಳನ್ನು ಹುಡುಕಿಕೊಂಡು ಬರುವುವು.

5. ಗೂಡಿನ ರಚನೆ

ಹತ್ತು ಕೋಳಿಗಳಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ತಲೆಗೆ 2 ಚದರಡಿಯಂತಾಗುವುದು. ಮುರಕಲ್ಲಿನ ಕಂಬಗಳ ಮೇಲಾಗಲಿ ಮರದ ಕಾಲುಗಳ ಮೇಲಾಗಲಿ ಗೂಡಿನ ತಳವು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರಲಿ. ಇದರಿಂದ ಮಳೆಗಾಲದ ತೇವವೂ ತಪ್ಪುವುದು, ಅಗೆಯುವ ಪ್ರಾಣಿಗಳ ಕಾಟವೂ ತಪ್ಪುವುದು. ಇಲಿಯು ಏರದಂತೆ ತೆಂಗಿನ ಮರಕ್ಕೆ ತಗಡಿನ ಪಟ್ಟಿಯನ್ನು ಸುತ್ತುವ ಪದ್ಧತಿಯುಂಟಷ್ಟೆ? ಅದೇ ರೀತಿಯಲ್ಲಿ ಗೂಡಿನ ಕಾಲುಗಳಿಗೂ ನುಣುಪಾದ ತಗಡನ್ನು ಸುತ್ತಿದರೆ ಹೆಗ್ಗಣವು ಏರಲಾರದು.

ಅಂಗಡಿಯಲ್ಲಿ ಕೋಳಿಬಲೆಯೆಂದು ಮಾರುವ ಆರು ಮೂಲೆಯ ಕಣ್ಣುಗಳ ತೆಳ್ಳನೆಯ ತಂತಿಬಲೆಯ ವಿಷಯದಲ್ಲಿ ಎಚ್ಚರವಿರಬೇಕು. ಅದು ಕೋಳಿಯು ಹೊರಗೆ ಹೋಗದಂತೆ ತಡೆಯುವುದು. ನಾಯಿಯು ಒಳಗೆ ಬರುವುದನ್ನು ತಡೆಯಲಾರದು. ನಾಯಿಯ ಹಲ್ಲಿಗೆ ಅದು ಹರಿಯುವುದು, ಚಿಕ್ಕ ಹಾವು ಅದರ ಕಣ್ಣುಗಳಲ್ಲಿಯೇ ನುಸುಳುವುದು. ರಾತ್ರಿಯ ಗೂಡಿಗೆ ಬೆಸುಗೆ ಹಾಕಿದ, ಅರ್ಧ ಅಂಗುಲದ ಕಣ್ಣುಗಳುಳ್ಳ ಗಟ್ಟಿ ಜಾಲರಿಯೇ ತಕ್ಕದ್ದು. ಹಣ ಸಾಲದಿದ್ದರೆ ಮೂರು ಕಡೆ ಹಲಗೆಯನ್ನೋ ಕಲ್ಲನ್ನೋ ಇಟ್ಟು, ಗಾಳಿಗೆ ಬಿಟ್ಟ ಕಿಟಕಿಗೆ ಮಾತ್ರ ಒಳ್ಳೆಯ ಜಾಲರಿಯನ್ನು ಹಾಕಿದರೂ ಸಾಕು. ಗಾಳಿಯನ್ನು ಮಾತ್ರ ಪೂರ್ತಿ ಮುಚ್ಚಬಾರದು.

ಒಳಗೆ 5 ಅಡಿ ಉದ್ದದ ಎರಡು ಕೋಲುಗಳನ್ನು ಒಂದೇ ಎತ್ತರದಲ್ಲಿ, ಒಂದಕ್ಕೊಂದು 1 ಅಡಿ ದೂರದಲ್ಲಿ ಗೂಡಿನ ನಡುವೆ ಕಟ್ಟಿರಿ. ಆಗ ಎರಡು ಪಕ್ಕದ ಗೋಡೆಗಳಿಗೂ ಕೋಲುಗಳಿಗೂ ನಡುವೆ ಒಂದೂವರೆ ಅಡಿ ಉಳಿಯುವುದು. ಹೊರಗಿನಿಂದ ಚಾಚಿದ ಪಂಜವು ಕೋಳಿಯನ್ನು ಮುಟ್ಟಲಾರದು. ಕೋಲುಗಳನ್ನು ಮೇಲೆಕೆಳಗೆ ಕಟ್ಟಿದರೆ ಎಲ್ಲವೂ ಮೇಲಿನದಕ್ಕಾಗಿ ಜಗಳವಾಡುವುವು.

ನೆಲದ ಮೇಲೆಯೇ ಕಟ್ಟಿದ ಹಳೆಯ ಗೂಡು ಇರುವವರು ಅದನ್ನು ಕೀಳಬೇಕಾಗಿಲ್ಲ. ಅಗೆಯುವ ಪ್ರಾಣಿಯು ಯಾವಾಗಲೂ ಗೋಡೆಯ ಬುಡಕ್ಕೆ ಮೂತಿಯಿಟ್ಟು ಅಲ್ಲಿಯೇ ಕೆರೆಯಲು ತೊಡಗುವುದು. ಹಿಂದೆ ಸರಿದು ಅಗೆಯಬೇಕೆಂಬ ಬುದ್ಧಿಯು ಅದಕ್ಕೆ ಸಾಮಾನ್ಯವಾಗಿ ಹೊಳೆಯದು. ಆದಕಾರಣ ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಹಾಸಿ, ಬುಡಕ್ಕೆ ಬಿಗಿದು, ಮೇಲೆ ಮಣ್ಣು ಕಲ್ಲುಗಳನ್ನು ಹೊದಿಸಿದರೆ ಸಾಕು. ಜಾಲರಿಗೆ ಬದಲಾಗಿ ಚಪ್ಪಡಿಕಲ್ಲುಗಳನ್ನೂ ಹಾಸಬಹುದು.

ಬಾಗಿಲಿಗೆ ದಾರ ಕಟ್ಟುವುದೂ ಕಲ್ಲು ಒರಗಿಸುವುದೂ ಸಾಲವು. ಗಟ್ಟಿಯಾದ ಚಿಲಕವಿರಲಿ, ಅದಕ್ಕೊಂದು ಕೊಂಡಿಯಿರಲಿ. ಹಂಚುಗಳ ಕೆಳಗೆ ಜಾಲರಿಯನ್ನು ಹೊಡೆಯಿಸಿರಿ. ಮರಬೆಕ್ಕಿನ ದಾರಿಯು ಅಲ್ಲಿಗೆ ಮುಗಿಯುವುದು.

6. ಮರಿಗಳ ಪಾಲನೆ

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ನರಿಯ ಹೆಸರೂ, ಮರಿಗಳನ್ನು ರೆಕ್ಕೆಯಡಿಯಲ್ಲಿ ಕೂಡಿಸಿಕೊಳ್ಳುವ ಕೋಳಿಯ ಹೆಸರೂ ಹತ್ತಿರಹತ್ತಿರದಲ್ಲಿ ಬರುವುದನ್ನು ನಮ್ಮ ವಿದ್ಯಾರ್ಥಿನಿಯರು ಓದಿ ಬಲ್ಲರು. ತಾಯಿಕೋಳಿಯ ರೆಕ್ಕೆಯು ಚಳಿಯಿಂದಲೂ ಕಾಗೆಯಿಂದಲೂ ಮರಿಗಳನ್ನು ಕಾಯಬಲ್ಲುದು. ಬೆಕ್ಕಿನ ಮುಂದೆ ಆ ರೆಕ್ಕೆಗೆ ಬಲ ಸಾಲದು. ಮಿಕ್ಕದ್ದನ್ನು ಸಾಕಿದವರೇ ಪೂರೈಸಬೇಕು.

ಮೊದಲನೆಯ ಎರಡು ವಾರಗಳಲ್ಲಿ ಮರಿಗಳನ್ನು ತಾಯಿಯೊಂದಿಗೆ ಬಿದಿರಿನ ದೊಡ್ಡ ಮಂಕರಿಯ ಅಡಿಯಲ್ಲಿಟ್ಟು, ಮೇಲೊಂದು ಭಾರವಾದ ಕಲ್ಲನ್ನಿಡುವುದು ನಮ್ಮ ಹಿರಿಯರ ಪದ್ಧತಿ. ಅದು ಇಂದಿಗೂ ಒಳ್ಳೆಯದೇ; ಆದರೆ ಹಗಲಿಗೆ ಮಾತ್ರ. ರಾತ್ರಿ ಮಂಕರಿಯನ್ನು ಮನೆಯೊಳಗೋ ಭದ್ರವಾದ ಗೂಡಿನೊಳಗೋ ಇಡತಕ್ಕದ್ದು. ಅನಂತರ ಎಂಟು ವಾರಗಳ ತನಕ ಮರಿಗಳನ್ನು ಬಲೆ ಹೊದಿಸಿದ ಅಂಕಣದಲ್ಲಿ ಮೇಯಿಸಿದರೆ ಹದ್ದಿನ ಭಯವಿಲ್ಲ. ಕರಾವಳಿಯಲ್ಲಿ ಹಳೆಯ ಮೀನುಬಲೆಯು ಸುಲಭವಾಗಿ ಸಿಕ್ಕುವುದು. ಮೇಲ್ಹೊದಿಕೆಗೆ ಅದು ಬಹಳ ಉಪಯುಕ್ತ. ಆದರೆ ಬಲೆಯ ಅಂಚನ್ನು ನೆಲಕ್ಕೆ ಜೋಲುಬಿಡಕೂಡದು. ಜೋಲುವ ನೈಲಾನ್ ಬಲೆಯಲ್ಲಿ ನಾಗರಹಾವೂ ಕೇರೆಹಾವೂ ಸಿಕ್ಕಿ ನರಳುವುವು. ಅದನ್ನು ಕಾಣದೆ ಹತ್ತಿರ ಹೋದವರಿಗೆ ಪ್ರಾಣಾಪಾಯ.

ಬಯಲು ಅಂಗಳದಲ್ಲಿ ಅಲ್ಲಲ್ಲಿ ಮರೆಯಿರಬೇಕು. ದಾಸವಾಳ, ಕರಿಬೇವು, ನುಗ್ಗೆ ಮೊದಲಾದ ಗಿಡಗಳ ತಗ್ಗು ಕೊಂಬೆಗಳೂ, ಸೋಗೆ ಹೊದಿಸಿದ ಚಿಕ್ಕ ಚಪ್ಪರವೂ ಆಪತ್ಕಾಲದ ಆಶ್ರಯಗಳು. ತಾಯಿಯ ಕೂಗು ಕೇಳಿದೊಡನೆ ಮರಿಯು ಓಡಿ ಸೇರುವಷ್ಟು ಹತ್ತಿರದಲ್ಲಿ ಅವಿರಲಿ. ಬಿಳಿಯ ಕೋಳಿಗಿಂತ ಕಂದು, ಬೂದು, ಚುಕ್ಕೆ ಬಣ್ಣಗಳ ಕೋಳಿಯು ತರಗೆಲೆಗಳ ನಡುವೆ ಬೇಗನೆ ಕಣ್ಣಿಗೆ ಬೀಳದು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗಾಗಿಯೇ ಬೆಳೆಸಿದ ಗಿರಿರಾಜ ತಳಿಗೆ ನಾನಾ ಬಣ್ಣಗಳಿರುವುದು ಈ ದೃಷ್ಟಿಯಿಂದ ಅನುಕೂಲ. ಆದರೆ ಗಿರಿರಾಜವು ಭಾರವಾದ ಮೈಯುಳ್ಳದ್ದು. ನಾಟಿಕೋಳಿಯಂತೆ ಹಾರಿ ಗೋಡೆಯನ್ನೇರಿ ತಪ್ಪಿಸಿಕೊಳ್ಳಲಾರದು. ಅದನ್ನು ಸಾಕುವವರು ಹಗಲಿನ ಬೇಲಿಯನ್ನು ಹೆಚ್ಚು ಭದ್ರಪಡಿಸಬೇಕು.

ಕಾವಿಗೆ ಬಂದ ಕೋಳಿಯು ಪೊದೆಯಲ್ಲಿ ಗುಟ್ಟಾಗಿ ಮೊಟ್ಟೆಯಿಟ್ಟು ಅಲ್ಲಿಯೇ ಕುಳಿತುಬಿಡುವುದುಂಟು. ಹಾಗೆ ಕುಳಿತದ್ದು 21 ರಾತ್ರಿಗಳನ್ನು ಕ್ಷೇಮವಾಗಿ ಕಳೆಯುವುದು ಬಲು ಅಪರೂಪ. ಗೂಡಿನೊಳಗೇ ಮಬ್ಬುಗತ್ತಲೆಯ ಮೂಲೆಯಲ್ಲಿ ಒಣಹುಲ್ಲು ಹಾಕಿದ ಬುಟ್ಟಿಯನ್ನಿಟ್ಟು, ಮೊದಲಿನಿಂದಲೇ ಅಲ್ಲಿ ಮೊಟ್ಟೆಯಿಡುವ ಅಭ್ಯಾಸ ಮಾಡಿಸುವುದು ಉತ್ತಮ.

7. ಹಾವಿನ ವಿಷಯ

ಇತರ ಶತ್ರುಗಳಿಂದ ಕೋಳಿಗೆ ಮಾತ್ರ ಕೇಡು. ಹಾವಿನಿಂದ ಮನೆಯಾಕೆಗೂ ಕೇಡು. ಹಾಗಾಗಿ ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ.

ಹಾವು ಕೋಳಿಗೂಡಿಗೆ ಬರುವುದು ಮೊಟ್ಟೆ ಮರಿಗಳಿಗಾಗಿ ಮಾತ್ರವಲ್ಲ, ಬಹುಸಲ ಇಲಿಗಾಗಿ. ಇಲಿ ಬರುವುದು ಕಾಳಿಗಾಗಿ. ಕಾಳು ಬೀಳುವುದು ನಮ್ಮ ಕೈಯಿಂದ. ಸಂಜೆ ಚೆಲ್ಲಿದ ಅಕ್ಕಿಯ ನುಚ್ಚು ರಾತ್ರಿಯೆಲ್ಲ ಅಲ್ಲಿಯೇ ಬಿದ್ದಿದ್ದರೆ ಇಲಿಗಳಿಗೆ ಔತಣ. ಇಲಿಗಳು ನೆಲೆಸಿದಲ್ಲಿ ಹಾವು ಸುಳಿಯುವುದು. ಆದಕಾರಣ ಮೇವನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿಡುವುದು, ಕೋಳಿಗಳು ತಿಂದು ಮುಗಿಸುವಷ್ಟನ್ನೇ ಹಾಕುವುದು, ಕತ್ತಲಾಗುವ ಮುಂಚೆ ಉಳಿದುದನ್ನು ಗುಡಿಸುವುದು, ಗೂಡಿನ ಸುತ್ತ ಕಟ್ಟಿಗೆ, ಒಡೆದ ಹಂಚು, ತೆಂಗಿನ ಸಿಪ್ಪೆಗಳ ರಾಶಿಯಿಲ್ಲದಂತೆ ನೋಡಿಕೊಳ್ಳುವುದು—ಇವೇ ಹಾವನ್ನು ದೂರವಿಡುವ ಮುಖ್ಯ ಸಾಧನಗಳು. ಮೊಟ್ಟೆಗಳನ್ನು ದಿನಕ್ಕೆರಡು ಸಲ ತೆಗೆಯತಕ್ಕದ್ದು.

ಮೊಟ್ಟೆಯ ಬುಟ್ಟಿಗೆ ಕಾಣದೆ ಕೈಹಾಕಲೇಬಾರದು. ರಾತ್ರಿ ಕೋಳಿಗಳು ಗದ್ದಲ ಮಾಡಿದರೆ ದೀಪವಿಲ್ಲದೆ, ಕಾಲಿಗೆ ಮೆಟ್ಟಿಲ್ಲದೆ ಹೊರಡಬಾರದು, ಮಕ್ಕಳನ್ನು ಕಳುಹಿಸಲೇಬಾರದು. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವುಕಡಿತದಿಂದ ಸುಮಾರು 12 ಲಕ್ಷ ಜನರು ಮಡಿದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000 ಸಾವುಗಳು! ಅವರಲ್ಲಿ ಹೆಚ್ಚಿನವರು ಹಳ್ಳಿಗಳವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕೆಂದು ಆಜ್ಞೆ ಮಾಡಿದ್ದು ಈ ಕಾರಣದಿಂದಲೇ.

ಒಂದು ವೇಳೆ ಕಚ್ಚಿದರೆ, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲ ಹಾನಿಕರ. ಕಚ್ಚಿಸಿಕೊಂಡವರನ್ನು ಸಮಾಧಾನಪಡಿಸಿ, ಬಳೆ ಉಂಗುರಗಳನ್ನು ತೆಗೆದು, ಕಚ್ಚಿದ ಅಂಗವನ್ನು ಅಲುಗಾಡದಂತೆ ಇಟ್ಟು, ನಡೆಯಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಮದ್ದು ಆಸ್ಪತ್ರೆಯಲ್ಲುಂಟು. ಹಾವನ್ನು ಹುಡುಕಿ ಹಿಡಿಯುವುದರಲ್ಲಿ ಕಾಲ ಕಳೆಯಕೂಡದು.

8. ಮಾಡಕೂಡದ ಕೆಲಸಗಳು

ನಷ್ಟಪಟ್ಟವರ ಕೋಪವು ನ್ಯಾಯವಾದದ್ದೇ. ಆದರೂ ಕೋಪದಲ್ಲಿ ಮಾಡುವ ಮೂರು ಕೆಲಸಗಳು ಕೋಳಿಯ ನಷ್ಟಕ್ಕಿಂತ ದೊಡ್ಡ ನಷ್ಟವನ್ನು ತರುವುವು.

ಸತ್ತ ಕೋಳಿಗೆ ಹೊಲದ ಕೀಟನಾಶಕವನ್ನು ಸವರಿ ಇಡುವುದು ಮೊದಲನೆಯದು. ವಿಷಕ್ಕೆ ಬೆಕ್ಕು ಯಾವುದು, ನೆರೆಮನೆಯ ನಾಯಿ ಯಾವುದು ಎಂಬ ಭೇದವಿಲ್ಲ. ಆ ಹೆಣವನ್ನು ತಿಂದ ಹದ್ದೂ ಸಾಯುವುದು. ಅಂಗಳದಲ್ಲಿ ಆಡುವ ಕೂಸಿನ ಕೈಗೂ ಅದು ಸಿಕ್ಕಬಹುದು. ಮನೆಯ ವಿದ್ಯುತ್ತನ್ನು ಬೇಲಿಯ ತಂತಿಗೆ ನೇರವಾಗಿ ಕೊಡುವುದು ಎರಡನೆಯದು. ಇದು ಅಪರಾಧ, ಮನೆಯವರೇ ಮರೆತು ತಂತಿಯನ್ನು ಮುಟ್ಟಿ ಸತ್ತ ಸಂಗತಿಗಳು ಎಷ್ಟೋ ಉಂಟು. ಉರುಳು ಹಾಕುವುದು ಮೂರನೆಯದು. ಹಂದಿಗೋ ಬೆಕ್ಕಿಗೋ ಹಾಕಿದ ಉರುಳಿನಲ್ಲಿ ಚಿರತೆಯು ಸಿಕ್ಕಿಬಿದ್ದರೆ ಅದರ ಹತ್ತಿರ ಹೋಗುವವರು ಯಾರು?

ಕಾನೂನಿನ ಮಾತೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಂಗುಸಿ, ಉಡ, ಹೆಬ್ಬಾವು, ನರಿ, ಕಾಡುಬೆಕ್ಕು ಮೊದಲಾದವುಗಳನ್ನು ಕೊಲ್ಲುವುದೂ ಹಿಡಿಯುವುದೂ ದಂಡನೀಯ. ಹೆಬ್ಬಾವೋ ಚಿರತೆಯೋ ಹಿತ್ತಿಲಿಗೆ ಬಂದರೆ ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ಸರಿಯಾದ ಮಾರ್ಗ. ಕಾನೂನನ್ನು ಬದಿಗಿಟ್ಟು ನೋಡಿದರೂ ಈ ಪ್ರಾಣಿಗಳಿಂದ ನಮಗೆ ಉಪಕಾರವುಂಟು. ಕೇರೆಹಾವು, ಕಾಡುಬೆಕ್ಕು, ಗೂಬೆ ಇವು ತಿನ್ನುವ ಇಲಿಗಳೆಲ್ಲ ಬದುಕಿದ್ದರೆ ನಮ್ಮ ಕಣಜದ ಗತಿಯೇನು? ಒಂದು ಬೆಕ್ಕನ್ನು ಕೊಂದರೂ ಸಂದಿಯು ತೆರೆದೇ ಇರುವುದರಿಂದ ಇನ್ನೊಂದು ಬೆಕ್ಕು ಬರುವುದು. ಸಂದಿಯನ್ನು ಮುಚ್ಚಿದರೆ ಹತ್ತು ಬೆಕ್ಕುಗಳು ಬಂದರೂ ಹಿಂದಿರುಗಬೇಕು.

9. ದಿನಚರಿ

ಇಷ್ಟೆಲ್ಲ ಹೇಳಿದ ಮೇಲೂ, ಗೂಡಿನ ಭದ್ರತೆಯು ಕೊನೆಗೆ ಒಂದು ಚಿಲಕದ ಮೇಲೆ ನಿಂತಿದೆ. ಎಷ್ಟು ಹಣ ಹಾಕಿ ಕಟ್ಟಿಸಿದ ಗೂಡಾದರೂ ಒಂದು ಸಂಜೆ ಬಾಗಿಲು ಹಾಕಲು ಮರೆತರೆ ಆ ರಾತ್ರಿಯೇ ಸಾಕು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಗಬಾರದು. ಈ ಕೆಲಸವನ್ನು ಮನೆಯಲ್ಲಿ ಒಬ್ಬರ ಪಾಲಿಗೆ ಗೊತ್ತುಮಾಡಿ, ಅವರು ಊರಿಗೆ ಹೋದಾಗ ಯಾರು ಮಾಡಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳಿರಿ. ಎಂಟು ಹತ್ತು ವರ್ಷದ ಹುಡುಗನಾಗಲಿ ಹುಡುಗಿಯಾಗಲಿ ಇದನ್ನು ಸಂತೋಷದಿಂದ ಮಾಡುವರು. ದೊಡ್ಡವರು ಒಮ್ಮೆ ಬಂದು ನೋಡಿದರಾಯಿತು.

ಕ್ರಮವು ಹೀಗಿರಲಿ. ಬೆಳಗ್ಗೆ ಚೆನ್ನಾಗಿ ಬೆಳಕಾದ ಮೇಲೆಯೇ ಕೋಳಿಗಳನ್ನು ಬಿಡುವುದು. ನಸುಕಿನಲ್ಲಿ ಮನೆಗೆ ಮರಳುವ ನರಿಯೂ ಬೆಕ್ಕೂ ಇನ್ನೂ ದಾರಿಯಲ್ಲಿರುತ್ತವೆ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಮೊಟ್ಟೆ ತೆಗೆಯುವುದು. ಸಂಜೆ ಸೂರ್ಯಾಸ್ತಕ್ಕೆ ಮುಂಚೆ ಗೂಡಿನ ಹತ್ತಿರವೇ ಒಂದು ಹಿಡಿ ಕಾಳು ಹಾಕಿ ಕರೆಯುವುದು. ಇದರಿಂದ ಹೊತ್ತಿಗೆ ಸರಿಯಾಗಿ ಮರಳುವ ಅಭ್ಯಾಸವಾಗುವುದು. ಒಳಗೆ ಸೇರಿದ ಮೇಲೆ ತಲೆ ಎಣಿಸುವುದು, ಚೆಲ್ಲಿದ್ದನ್ನು ಗುಡಿಸುವುದು, ಚಿಲಕ ಹಾಕುವುದು. ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನವೋ ಮತ್ತಾವ ಬಿಡುವಿನಲ್ಲೋ, ಗೂಡಿನ ಸುತ್ತಲೂ ನಡೆದು ಹೊಸ ಬಿಲ, ಸರಿದ ಹಂಚು, ತುಕ್ಕು ಹಿಡಿದ ಜಾಲರಿಗಳನ್ನು ಪರೀಕ್ಷಿಸುವುದು. ಮಳೆಗಾಲದ ಮುಂಚೆಯೂ ಅನಂತರವೂ ಇದನ್ನು ವಿಶೇಷವಾಗಿ ಮಾಡಬೇಕು.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಮನೆಯ ಹೆಂಗಸರು ಗೂಡಿಗೆ ಒಳ್ಳೆಯ ಜಾಲರಿ ಬೇಕೆಂದು ಕೇಳಿದಾಗ, “ನಾಲ್ಕು ಕೋಳಿಗೆ ಇಷ್ಟು ಖರ್ಚೇ?” ಎಂದು ತಳ್ಳಿಹಾಕಬೇಡಿರಿ. ಕಳೆದ ಎರಡು ವರ್ಷಗಳಲ್ಲಿ ಹೋದ ಕೋಳಿಗಳೆಷ್ಟು, ಮರಿಗಳೆಷ್ಟು, ಅವುಗಳ ಬೆಲೆಯೆಷ್ಟು ಎಂಬುದನ್ನು ಮಗಳ ಕೈಯಿಂದ ಒಂದು ಕಾಗದದ ಮೇಲೆ ಬರೆಯಿಸಿ, ಪಕ್ಕದಲ್ಲಿ ಜಾಲರಿಯ ಬೆಲೆಯನ್ನೂ ಬರೆಯಿಸಿ ನೋಡಿರಿ. ಶಾಲೆಯಲ್ಲಿ ಕಲಿತ ಗಣಿತಕ್ಕೆ ಅದೊಂದು ಒಳ್ಳೆಯ ಅಭ್ಯಾಸ. ಉತ್ತರವೂ ಬಹುಮಟ್ಟಿಗೆ ಜಾಲರಿಯ ಪಕ್ಷವಾಗಿಯೇ ಬರುವುದು.